ಕೊಡಗಿನಲ್ಲಿ ಪಶುವೈದ್ಯ ವೃತ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಇಟಿ ಫಲಿತಾಂಶ ಬಂದ ವಾರ ಪಿಯುಸಿ ಮಕ್ಕಳು ಕೇಳುತ್ತಾರೆ. ಕೈಲ್‌ ಪೊಳ್ದ್ ಹಬ್ಬ ಹತ್ತಿರ ಬಂದಾಗ ಹಂದಿ ಸಾಕುವವರು ಕೇಳುತ್ತಾರೆ. ಕೊಟ್ಟಿಗೆಯ ದನವನ್ನು ಹುಲಿ ಎಳೆದುಕೊಂಡು ಹೋದ ಮರುದಿನ ತೋಟದವರು ಕೇಳುತ್ತಾರೆ. ಎಲ್ಲವೂ ಒಂದೇ ವೃತ್ತಿಯ ಪ್ರಶ್ನೆಗಳೇ ಆದ್ದರಿಂದ ಒಂದೇ ಕಡೆ ಉತ್ತರಿಸಿದ್ದೇವೆ.

ಪಿಯುಸಿ ಮುಗಿಸಿದ ಮೇಲೆ ಪಶುವೈದ್ಯರಾಗಲು ದಾರಿ ಯಾವುದು?

ಓದಬೇಕಾದದ್ದು ಬಿ.ವಿ.ಎಸ್ಸಿ ಅಂಡ್ ಎ.ಎಚ್. (ಪಶುವೈದ್ಯಕೀಯ ಮತ್ತು ಪಶುಸಂಗೋಪನೆ) ಪದವಿ. ಒಟ್ಟು ಐದೂವರೆ ವರ್ಷ. ಅದರಲ್ಲಿ ಕೊನೆಯ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಇರಬೇಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ರಾಜ್ಯದ ಸೀಟುಗಳನ್ನು ಸಿಇಟಿ ರ‍್ಯಾಂಕ್ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಶೇ 15ರಷ್ಟು ಸೀಟು ಅಖಿಲ ಭಾರತ ಕೋಟಾದಲ್ಲಿದ್ದು, ಅವು ನೀಟ್ ಅಂಕದ ಮೇಲೆ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಕೌನ್ಸೆಲಿಂಗ್ ಮೂಲಕ ಹೋಗುತ್ತವೆ. ಹಾಗಾಗಿ ಎರಡೂ ಪರೀಕ್ಷೆ ಬರೆಯುವುದೇ ಜಾಣತನ. ನೀಟ್ ಬರೆದವರು ಎಂಬಿಬಿಎಸ್ ಕೌನ್ಸೆಲಿಂಗನ್ನೇ ಕಾಯುತ್ತ ಕುಳಿತು, ಪಶುವೈದ್ಯಕೀಯಕ್ಕೆ ಬೇರೆ ಅರ್ಜಿ ಹಾಕಬೇಕೆಂಬುದನ್ನು ಮರೆಯುವುದು ಪ್ರತಿ ವರ್ಷದ ತಪ್ಪು.

ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಕಾಫಿ ತೋಟ ಅಥವಾ ಗದ್ದೆ ಮನೆತನದ ಜಂಟಿ ಹೆಸರಿನಲ್ಲಿದ್ದರೆ ಆದಾಯ ಮತ್ತು ಜಮೀನಿನ ದಾಖಲೆ ಸರಿಮಾಡಿಕೊಳ್ಳಲು ಸಮಯ ಹಿಡಿಯುತ್ತದೆ. ಐನ್‌ಮನೆ (ಮನೆತನದ ಮೂಲಮನೆ) ಆಸ್ತಿಯ ಪಹಣಿಯಲ್ಲಿ ಅಪ್ಪನ ಹೆಸರೇ ಬೇರೆಯಾಗಿ ಇರದ ಉದಾಹರಣೆಗಳು ಕೊಡಗಿನಲ್ಲಿ ಧಾರಾಳ. ಪರೀಕ್ಷೆಗೆ ಓದುವಾಗಲೇ ತಾಲ್ಲೂಕು ಕಚೇರಿಯ ಕೆಲಸವನ್ನೂ ಶುರು ಮಾಡಿ.

ಹತ್ತಿರದ ಕಾಲೇಜು ಯಾವುದು?

ಕೊಡಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇಲ್ಲ. ಪೊನ್ನಂಪೇಟೆಯಲ್ಲಿರುವುದು ಅರಣ್ಯ ಕಾಲೇಜು, ಅದರ ಪದವಿ ಬೇರೆ. ರಾಜ್ಯದೊಳಗೆ ಹತ್ತಿರದ್ದು ಹಾಸನ. ಹೆಬ್ಬಾಳ, ಶಿವಮೊಗ್ಗ, ಬೀದರ್, ಗದಗ, ಅಥಣಿಗಳಲ್ಲೂ ಕಾಲೇಜುಗಳಿವೆ, ಇವೆಲ್ಲ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದವು. ಕುಟ್ಟದ ಗಡಿ ದಾಟಿದರೆ ವಯನಾಡಿನ ಪೂಕೋಡಿನಲ್ಲಿ ಕೇರಳದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಆದರೆ ಕರ್ನಾಟಕದವರಿಗೆ ಅಲ್ಲಿ ಸೀಟು ಸಿಗುವುದು ಹೆಚ್ಚಾಗಿ ಅಖಿಲ ಭಾರತ ಕೋಟಾದಲ್ಲಿ.

ಕನ್ನಡ ಮಾಧ್ಯಮದವರಿಗೆ ಕಷ್ಟವೇ?

ಮೊದಲ ವರ್ಷ ಕಷ್ಟ. ಅಂಗರಚನಾಶಾಸ್ತ್ರದಲ್ಲಿ ದನವನ್ನು ಮಾದರಿಯಾಗಿಟ್ಟು ಕುದುರೆ, ನಾಯಿ, ಹಂದಿ, ಕೋಳಿಗಳ ಮೂಳೆ, ನರ, ರಕ್ತನಾಳಗಳನ್ನೆಲ್ಲ ಹೋಲಿಸಿ ಕಲಿಯಬೇಕು. ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಮೂರನೇ ವರ್ಷ ಕ್ಲಿನಿಕ್ ಶುರುವಾದಾಗ ಪರಿಸ್ಥಿತಿ ತಿರುಗುತ್ತದೆ. ಮೇವು ಬಿಟ್ಟ ಹಸುವಿನ ಬಗ್ಗೆ ರೈತನಿಂದ ಸರಿಯಾದ ಮಾಹಿತಿ ಹೊರಡಿಸುವುದು ಊರಿನ ಕನ್ನಡ ಬಲ್ಲವರಿಗೇ ಸುಲಭ.

ಎಸ್ಸೆಸ್ಸೆಲ್ಸಿ ಮಾತ್ರ ಆಗಿದೆ. ಈ ಕ್ಷೇತ್ರದಲ್ಲಿ ಅವಕಾಶ ಇದೆಯೇ?

ಇದೆ. ಪಶುಸಂಗೋಪನಾ ಡಿಪ್ಲೊಮಾ ಎರಡು ವರ್ಷದ್ದು. ತಿಪಟೂರಿನ ಕೋನೇಹಳ್ಳಿಯಂಥ ಪಾಲಿಟೆಕ್ನಿಕ್‌ಗಳಲ್ಲಿ ಕಲಿಸುತ್ತಾರೆ. ಪಶುಪಾಲನಾ ಇಲಾಖೆಯ ಪಶುವೈದ್ಯಕೀಯ ಪರೀಕ್ಷಕರ ಹುದ್ದೆ, ಹಾಲು ಒಕ್ಕೂಟದ ಕೃತಕ ಗರ್ಭಧಾರಣೆ ಕೆಲಸ, ದೊಡ್ಡ ಫಾರಂಗಳ ಮೇಲ್ವಿಚಾರಣೆಗೆ ಇದು ಸಾಕು. ಡಿಪ್ಲೊಮಾ ಇಲ್ಲದೆಯೂ 'ಮೈತ್ರಿ' ತರಬೇತಿ ಪಡೆದು ಊರಿನಲ್ಲೇ ಕೃತಕ ಗರ್ಭಧಾರಣೆ ಮಾಡಬಹುದು.

ಒಂದು ಗೆರೆ ಮಾತ್ರ ಸ್ಪಷ್ಟವಾಗಿರಲಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆಯ 30ನೇ ಕಲಂ ಪ್ರಕಾರ ಚಿಕಿತ್ಸೆ ನೀಡುವ ಹಕ್ಕು ನೋಂದಾಯಿತ ಪಶುವೈದ್ಯರದು. ಡಿಪ್ಲೊಮಾ ಆದವರು ಸರ್ಕಾರ ಸೂಚಿಸಿದ ಸಣ್ಣ ಸೇವೆಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು. ಕೃತಕ ಗರ್ಭಧಾರಣೆಗೆ ಬಂದವರು ಹಾಗೇ ಒಂದು ಆ್ಯಂಟಿಬಯಾಟಿಕ್ ಚುಚ್ಚಿ ಹೋಗುವುದು ಹಳ್ಳಿಗಳಲ್ಲಿ ಮಾಮೂಲಿಯಾಗಿದೆ. ಅವರನ್ನೇ ಬೈದು ಪ್ರಯೋಜನವಿಲ್ಲ, ವೈದ್ಯರು ಸಿಗದ ಕಡೆ ರೈತನಿಗೆ ಸಿಗುವವರು ಅವರೇ. ಆದರೆ ಅರ್ಧ ಕೋರ್ಸ್ ಔಷಧದಿಂದ ಕೆಚ್ಚಲು ಬಾವು ಒಳಗೇ ಉಳಿದು, ಮುಂದಿನ ಸೂಲಿಗೆ ಒಂದು ಮೊಲೆ ಬತ್ತಿಹೋದ ಹಸುಗಳು ಆಮೇಲೆ ಆಸ್ಪತ್ರೆಗೆ ಬರುತ್ತವೆ.

ಕೊಡಗಿನಲ್ಲಿ ಪಶುವೈದ್ಯರ ಕೆಲಸ ಬೇರೆ ಜಿಲ್ಲೆಗಿಂತ ಹೇಗೆ ಬೇರೆ?

ಮಂಡ್ಯದ ವೈದ್ಯರಿಗೆ ದಿನವಿಡೀ ಹಾಲಿನ ಹಸು, ಬೆಂಗಳೂರಿನವರಿಗೆ ದಿನವಿಡೀ ನಾಯಿ ಬೆಕ್ಕು. ಕೊಡಗಿನಲ್ಲಿ ಬೆಳಿಗ್ಗೆ ಮಲೆನಾಡು ಗಿಡ್ಡ ಎಂಬ ಸಣ್ಣ ನಾಟಿ ದನ, ಹನ್ನೊಂದಕ್ಕೆ ಎಸ್ಟೇಟಿನ ಲ್ಯಾಬ್ರಡಾರ್, ಮಧ್ಯಾಹ್ನ ಹಂದಿಮರಿ, ಸಂಜೆ ಹುಲಿ ಕೊಂದ ದನದ ಮರಣೋತ್ತರ ಪರೀಕ್ಷೆ. ಯಾವುದಾದರೂ ಒಂದರಲ್ಲಿ ಮಾತ್ರ ಆಸಕ್ತಿ ಇರುವವರು ಇಲ್ಲಿ ಬೇಗ ದಣಿಯುತ್ತಾರೆ.

ಗಿಡ್ಡ ತಳಿಯದೇ ಒಂದು ಪಾಠ ಇದೆ. ಮಿಶ್ರತಳಿ ಹಸುವಿನ ಅಂದಾಜಿನಲ್ಲಿ ಔಷಧ ಎಳೆದರೆ ಡೋಸ್ ಎರಡರಷ್ಟಾಗುತ್ತದೆ. ತೂಕದ ಯಂತ್ರ ಇಲ್ಲದ ಕಡೆ ಟೇಪು ಸಾಕು. ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ಮೂಳೆವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕ ಬರುತ್ತದೆ. ಸುತ್ತಳತೆ 48, ಉದ್ದ 40 ಇಂಚು ಇದ್ದರೆ ಸುಮಾರು 140 ಕೆ.ಜಿ. ಹುಳು ಮತ್ತು ಉಣ್ಣೆಗೆ ಕೊಡುವ ಶೇ 1ರ ಐವರ್ಮೆಕ್ಟಿನ್ 50 ಕೆ.ಜಿ.ಗೆ 1 ಮಿ.ಲೀ. ಅಂದರೆ ಆ ದನಕ್ಕೆ 2.8 ಮಿ.ಲೀ. ಕಣ್ಣಂದಾಜಿನಲ್ಲಿ 300 ಕೆ.ಜಿ. ಎಂದುಕೊಂಡರೆ 6 ಮಿ.ಲೀ. ಹೋಗಿಬಿಡುತ್ತದೆ. (ಮನೆಗೆ ಹಾಲು ಕರೆಯುವ ಹಸುವಿಗಂತೂ ಆ ಔಷಧವೇ ಬೇಡ.) ಗಿಡ್ಡಕ್ಕೆ ದೊಡ್ಡ ತಳಿಯ ವೀರ್ಯ ಹಾಕಿಸಿದರೆ ಕರು ಸೊಂಟದಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲ ಸೂಲಿನ ಕಡಸಿನಲ್ಲಿ ಅದು ಸಿಸೇರಿಯನ್‌ವರೆಗೂ ಹೋಗಬಹುದು.

ಉಳಿದದ್ದು ಮಳೆಯ ಕೊಡುಗೆ. ಗದ್ದೆ ಬದುವಿನಲ್ಲಿ ಮೇಯುವ ದನಗಳಿಗೆ ಬಸವನಹುಳುವಿನ ಮೂಲಕ ಯಕೃತ್ತಿನ ಚಪ್ಪಟೆ ಹುಳು ಮತ್ತು ಮೂಗಿನ ಗೊರಕೆ ರೋಗ, ಬೇಲಿಯ ಲಂಟಾನ ತಿಂದವಕ್ಕೆ ಕಾಮಾಲೆಯ ಜೊತೆಗೆ ಬಿಸಿಲಿಗೆ ಸಿಪ್ಪೆ ಏಳುವ ಚರ್ಮ, ನಾಯಿಗಳಿಗೆ ಉಣ್ಣೆ ಜ್ವರ. ಜೂನ್ ಜುಲೈನಲ್ಲಿ ಎರಡು ಮೂರು ದಿನ ಕರೆಂಟ್ ಹೋದರೆ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಲಸಿಕೆ ಕಾಪಾಡುವುದೇ ದೊಡ್ಡ ಕೆಲಸ. ಬಿಸಿಯಾದ ಲಸಿಕೆ ನೋಡಲು ಹಾಗೆಯೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಕಾಲುಬಾಯಿ ಲಸಿಕೆ ಹೆಪ್ಪುಗಟ್ಟಿದರೂ ಕೆಡುತ್ತದೆ, ಆದ್ದರಿಂದ ಐಸ್ ಪ್ಯಾಕಿಗೆ ನೇರವಾಗಿ ತಾಗಿಸಿ ಇಡಬಾರದು.

ಸರ್ಕಾರಿ ಕೆಲಸ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಪ್ರತಿ ವರ್ಷ ಕರೆಯುವುದಿಲ್ಲ. 2024ರಲ್ಲಿ ಕೆಪಿಎಸ್‌ಸಿ 400 ಪಶುವೈದ್ಯಾಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಎರಡು ನೇಮಕಾತಿಗಳ ನಡುವೆ ವರ್ಷಗಳೇ ಕಳೆಯುವುದರಿಂದ ಹೊಸಬರು ಗುತ್ತಿಗೆ ಕೆಲಸದಿಂದ ಶುರು ಮಾಡುತ್ತಾರೆ. 1962ಕ್ಕೆ ಕರೆ ಮಾಡಿದರೆ ಬರುವ 'ಪಶು ಸಂಜೀವಿನಿ' ಸಂಚಾರಿ ವಾಹನಗಳ ವೈದ್ಯರು ಹೀಗೆ ಗುತ್ತಿಗೆಯವರು. ಅನುಭವಕ್ಕೆ ಒಳ್ಳೆಯದು, ಭದ್ರತೆ ಕಡಿಮೆ. ಸೇರುವಾಗ ನೇಮಕ ಪತ್ರದಲ್ಲಿ ಭವಿಷ್ಯ ನಿಧಿ, ಅಪಘಾತ ವಿಮೆ, ಕೆಲಸದ ಅವಧಿ ಬರೆದಿದೆಯೇ ನೋಡಿಕೊಳ್ಳಿ.

ಹಾಸನ ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿ ಕೊಡಗೂ ಇದೆ. ಒಕ್ಕೂಟದ ವೈದ್ಯ ಹುದ್ದೆಗಳ ಮೇಲೂ ಕಣ್ಣಿಡಿ. 1955ರಷ್ಟು ಹಿಂದೆಯೇ ಡೇರಿ ಕಂಡ ಕೂಡಿಗೆಯಲ್ಲಿ ಇಲಾಖೆಯ ತಳಿ ಸಂವರ್ಧನೆ ಕೆಲಸವೂ ನಡೆಯುತ್ತದೆ. ಇಂಟರ್ನ್‌ಗಳು ಹಂದಿ ಸಾಕಣೆ ಕಲಿಯಬೇಕೆಂದರೆ ಅಲ್ಲಿ ಕೇಳಿನೋಡಬಹುದು.

ರಾತ್ರಿ ಕರೆದರೆ ಡಾಕ್ಟರ್ ಯಾಕೆ ಬರುವುದಿಲ್ಲ?

ದೂರು ನ್ಯಾಯವಾದದ್ದೇ, ಕಾರಣವೂ ಇದೆ. 5,000 ಜಾನುವಾರಿಗೆ ಒಬ್ಬ ವೈದ್ಯ ಇರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. ಆದರೆ ಆ ಲೆಕ್ಕ ಹಾಕಿದ್ದು ತಲೆ ಎಣಿಸಿ, ಕಿಲೋಮೀಟರ್ ಎಣಿಸಿ ಅಲ್ಲ. ಕೊಡಗಿನಲ್ಲಿ ದನ ಕಡಿಮೆ, ಮನೆಯಿಂದ ಮನೆಗೆ ದೂರ ಹೆಚ್ಚು. ಒಬ್ಬರೇ ಎರಡು ಮೂರು ಆಸ್ಪತ್ರೆಗಳ ಪ್ರಭಾರ ಹೊತ್ತಿರುವುದೂ ಉಂಟು. ತೋಟದ ದಾರಿಯಲ್ಲಿ ಕತ್ತಲಾದ ಮೇಲೆ ಆನೆ ನಿಂತಿರುತ್ತದೆ.

ಕರೆಯುವವರು ಮೂರು ವಿಷಯ ಹೇಳಿದರೆ ವೈದ್ಯರಿಗೆ ತೀರ್ಮಾನ ಸುಲಭ. ದನ ಎದ್ದು ನಿಲ್ಲುತ್ತದೆಯೇ? ಎಡ ಹೊಟ್ಟೆ ಉಬ್ಬಿದೆಯೇ? ಕರು ಹಾಕುವುದಾದರೆ ನೀರಿನ ಚೀಲ ಒಡೆದು ಎಷ್ಟು ಹೊತ್ತಾಯಿತು? ಕರು ಹಾಕಿ ಒಂದೆರಡು ದಿನದೊಳಗೆ ಕತ್ತು ಪಕ್ಕಕ್ಕೆ ತಿರುಗಿಸಿ ಮಲಗಿದ ಹಸುವಿಗೆ ಹಾಲು ಜ್ವರ ಇರಬಹುದು, ಅದನ್ನು ಬೆಳಗಿನವರೆಗೆ ಬಿಡಲಾಗದು. ಹಾಗೆಂದು ಮೆಡಿಕಲ್‌ನಿಂದ ಕ್ಯಾಲ್ಸಿಯಂ ಬಾಟಲಿ ತಂದು ನೀವೇ ರಕ್ತನಾಳಕ್ಕೆ ಏರಿಸಬೇಡಿ. ವೇಗವಾಗಿ ಹೋದರೆ ಹೃದಯ ಅಲ್ಲೇ ನಿಲ್ಲುತ್ತದೆ. ವೈದ್ಯರೂ ಅದನ್ನು ಏರಿಸುವುದು ಎದೆಬಡಿತ ಕೇಳುತ್ತಲೇ.

ದನವನ್ನು ಹುಲಿ ಕೊಂದರೆ ಪಶುವೈದ್ಯರ ಪಾತ್ರವೇನು? ಪರಿಹಾರ ಯಾಕೆ ತಪ್ಪಿಹೋಗುತ್ತದೆ?

ಪರಿಹಾರ ಕೊಡುವುದು ಅರಣ್ಯ ಇಲಾಖೆ. ಆದರೆ ಹುಲಿಯೇ ಕೊಂದಿತು ಎಂದು ಹೇಳುವ ಮರಣೋತ್ತರ ವರದಿ ಪಶುವೈದ್ಯರದು. ದಕ್ಷಿಣ ಕೊಡಗಿನಲ್ಲಿ ಕೆಲಸ ಮಾಡುವವರಿಗೆ ಇದು ದಿನಚರಿಯ ಭಾಗ.

ಕಳೇಬರವನ್ನು ಬಿದ್ದ ಜಾಗದಿಂದ ಅಲುಗಿಸಬಾರದು. ವಲಯ ಅರಣ್ಯ ಕಚೇರಿಗೆ ಅಂದೇ ತಿಳಿಸಬೇಕು. ಹತ್ತಿರ ಒಬ್ಬರೇ ಹೋಗಬಾರದು, ಹುಲಿ ಉಳಿದ ಮಾಂಸಕ್ಕೆ ಮತ್ತೆ ಬರುತ್ತದೆ. ಅರಣ್ಯ ಸಿಬ್ಬಂದಿ ಮಹಜರು ಮಾಡಿ, ಫೋಟೊ ತೆಗೆದ ಮೇಲೆ ವೈದ್ಯರು ಕುತ್ತಿಗೆಯ ಚರ್ಮ ಬಿಡಿಸಿ ನೋಡುತ್ತಾರೆ. ಜೀವ ಇರುವಾಗ ಕಚ್ಚಿದ್ದರೆ ಕೋರೆಹಲ್ಲು ಇಳಿದ ಜಾಗದ ಸುತ್ತ ಮಾಂಸದೊಳಗೆ ರಕ್ತ ಹೆಪ್ಪುಗಟ್ಟಿರುತ್ತದೆ, ಶ್ವಾಸನಾಳ ನಜ್ಜಾಗಿರುತ್ತದೆ. ಸತ್ತ ದನವನ್ನು ಆಮೇಲೆ ತಿಂದಿದ್ದರೆ ಆ ರಕ್ತಸ್ರಾವ ಇರುವುದಿಲ್ಲ. ಕೋರೆಗಳ ನಡುವಿನ ಅಂತರ ಅಳೆದು, ಹೆಜ್ಜೆ ಗುರುತು ನೋಡಿ ಹುಲಿಯೋ ಚಿರತೆಯೋ ತೀರ್ಮಾನ. ಹುಲಿ ಸಾಮಾನ್ಯವಾಗಿ ಹಿಂಭಾಗದಿಂದ ತಿನ್ನಲು ತೊಡಗುತ್ತದೆ, ಚಿರತೆ ಹೊಟ್ಟೆ ಎದೆ ಕಡೆಯಿಂದ. ಆದರೆ ಇದೊಂದನ್ನೇ ನಂಬಿ ವರದಿ ಬರೆಯಬಾರದು.

ಪರಿಹಾರ ತಪ್ಪಿಹೋಗುವುದು ಸಾಮಾನ್ಯವಾಗಿ ವಾಸನೆ ಬರುತ್ತದೆಂದು ಮೊದಲೇ ಹೂತುಹಾಕಿದಾಗ, ಎರಡು ದಿನ ಕಳೆದು ತಿಳಿಸಿದಾಗ, ಅಥವಾ ಕಿವಿಯೋಲೆ ಇಲ್ಲದಿದ್ದಾಗ. 12 ಅಂಕಿಯ ಆ ಹಳದಿ ಓಲೆಯ ಸಂಖ್ಯೆ ವಿಮೆಗೂ ಬೇಕು, ಇಲಾಖೆಯ ಭಾರತ್ ಪಶುಧನ್ ದಾಖಲೆಗೂ ಬೇಕು. ಬಿದ್ದುಹೋದರೆ ಬೇರೆ ಹಾಕಿಸಿ ಹೊಸ ಸಂಖ್ಯೆಯನ್ನು ವಿಮಾ ಕಂಪನಿಗೂ ಬರೆದು ತಿಳಿಸಿ. ಅರಣ್ಯ ಇಲಾಖೆಯ ಇ-ಪರಿಹಾರ ತಂತ್ರಾಂಶಕ್ಕೆ ವರದಿ ಏರಿದೆಯೇ ಎಂದು ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಸಿಟ್ಟಿನಲ್ಲಿ ಕಳೇಬರಕ್ಕೆ ವಿಷ ಹಾಕುವುದು ಜೈಲಿಗೆ ದಾರಿ, ಅದರಿಂದ ರಣಹದ್ದುಗಳೂ ಸಾಯುತ್ತವೆ.

ಒಂದು ಅಪವಾದ ವೈದ್ಯರು ಮರೆಯಬಾರದು. ಗಾಯವಿಲ್ಲದೆ ದಿಢೀರನೆ ಸತ್ತು, ಮೂಗು ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಕೊಯ್ಯಲೇಬಾರದು. ಕಿವಿಯ ರಕ್ತನಾಳದಿಂದ ಲೇಪನ ತೆಗೆದು ಆಂಥ್ರಾಕ್ಸ್ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

'ಆನೆ ಡಾಕ್ಟರ್' ಆಗುವುದು ಹೇಗೆ?

ಈ ಪ್ರಶ್ನೆ ಕೇಳದ ಕೊಡಗಿನ ಹುಡುಗ ಹುಡುಗಿಯರು ಕಡಿಮೆ. ವನ್ಯಜೀವಿ ವೈದ್ಯರ ಹುದ್ದೆಗಳು ಬೆರಳೆಣಿಕೆಯಷ್ಟು. ಹೆಚ್ಚಿನವರು ಪಶುಪಾಲನಾ ಇಲಾಖೆಯಿಂದ ನಿಯೋಜನೆ ಮೇಲೆ ಅರಣ್ಯ ಇಲಾಖೆಗೆ ಹೋದವರು, ಉಳಿದವರು ಗುತ್ತಿಗೆಯವರು. ವನ್ಯಜೀವಿ ವಿಷಯದಲ್ಲಿ ಸ್ನಾತಕೋತ್ತರ ಪದವಿ ಎಂ.ವಿ.ಎಸ್ಸಿ ಬೇಕೆಂದರೆ ಬರೇಲಿ ಹತ್ತಿರದ ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆ ಇದೆ. ಆದರೆ ಶಸ್ತ್ರಚಿಕಿತ್ಸೆ ಅಥವಾ ಔಷಧಶಾಸ್ತ್ರದಲ್ಲಿ ಗಟ್ಟಿಯಾದವರೂ ಈ ಕೆಲಸಕ್ಕೆ ಬರುತ್ತಾರೆ, ನಮ್ಮ ಲೆಕ್ಕದಲ್ಲಿ ಅದೇ ಹೆಚ್ಚು ಸುರಕ್ಷಿತ ದಾರಿ. ಆನೆ ಕೆಲಸ ಸಿಗದಿದ್ದರೂ ಹೊಟ್ಟೆಪಾಡು ಸಾಗುತ್ತದೆ.

ದುಬಾರೆ, ಮತ್ತಿಗೋಡು, ಹಾರಂಗಿ ಶಿಬಿರಗಳಲ್ಲಿ ದಿನದ ಕೆಲಸದಲ್ಲಿ ರೋಚಕತೆ ಕಡಿಮೆ. ಕಾಲಿನ ಉಗುರು ಮತ್ತು ಅಂಗಾಲಿನ ಬಿರುಕು, ಜಂತುಹುಳು, ಮದದ ದಿನಗಳ ಲೆಕ್ಕ, ಮರಿಗಳಲ್ಲಿ ಹರ್ಪಿಸ್ ವೈರಸ್ ಮೇಲೆ ಕಣ್ಣು. ಮಾವುತರ ಮಾತು ಕೇಳಲು ಬಾರದವರಿಗೆ ಇಲ್ಲಿ ಕೆಲಸವೇ ಇಲ್ಲ, ಆನೆ ಮೇವು ಬಿಡುವ ಮೊದಲೇ ಮಾವುತರಿಗೆ ಅದರ ತೊಂದರೆ ಗೊತ್ತಾಗಿರುತ್ತದೆ.

ಕಾಡಾನೆಗೆ ಅರಿವಳಿಕೆ ಕೊಡುವುದು ಬೇರೆಯೇ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಇಲ್ಲದೆ ಯಾವ ಖಾಸಗಿ ವೈದ್ಯರೂ ಹೊಡೆಯುವಂತಿಲ್ಲ. ಝೈಲಜಿನ್ ಮತ್ತು ಕೆಟಮಿನ್ ಎಂಬ ಅರಿವಳಿಕೆ ಔಷಧಗಳನ್ನು ಡಾರ್ಟಿನಲ್ಲಿ (ಬಂದೂಕಿನಿಂದ ಹಾರಿಸುವ ಸಿರಿಂಜಿನಲ್ಲಿ) ತುಂಬಿ ಪೃಷ್ಠ ಅಥವಾ ಭುಜದ ದಪ್ಪ ಮಾಂಸಕ್ಕೆ ಹೊಡೆಯುತ್ತಾರೆ. ತೂಕದ ಅಂದಾಜು ಕಡಿಮೆಯಾದರೆ ಆನೆ ಅರೆಮಂಪರಿನಲ್ಲಿ ಕಿಲೋಮೀಟರ್‌ಗಟ್ಟಲೆ ಓಡುತ್ತದೆ, ಸಿಟ್ಟಿನಲ್ಲಿರುವ ಆನೆಗೆ ಅದೇ ಡೋಸ್ ಇನ್ನೂ ಕಡಿಮೆ ಕೆಲಸ ಮಾಡುತ್ತದೆ. ಹತ್ತಿರ ಕೆರೆ, ಕಂದಕ, ಇಳಿಜಾರು ಇದ್ದರೆ ಹೊಡೆಯಬಾರದು. ಬಿದ್ದರೆ ಎದೆಯ ಮೇಲೆ ಕುಕ್ಕರಿಸಿ ಉಳಿಯಬಾರದು, ತನ್ನ ಭಾರಕ್ಕೇ ಉಸಿರು ಕಟ್ಟುತ್ತದೆ. ಸಾಕಾನೆಗಳ ಸಹಾಯದಿಂದ ಪಕ್ಕಕ್ಕೆ ಉರುಳಿಸಬೇಕು. ಕಣ್ಣಿಗೆ ಬಟ್ಟೆ, ಮೈಗೆ ನೀರು. ಕೊನೆಗೆ ಕಿವಿಯ ರಕ್ತನಾಳಕ್ಕೆ ಯೋಹಿಂಬಿನ್‌ನಂಥ ಪ್ರತಿ ಔಷಧ. 2023ರ ಆಗಸ್ಟ್‌ನಲ್ಲಿ ಆಲೂರು ಕಡೆ ಡಾರ್ಟ್ ಹೊಡೆಯುತ್ತಿದ್ದ ಅನುಭವಿ ಸಿಬ್ಬಂದಿಯೊಬ್ಬರು ಕಾಡಾನೆ ದಾಳಿಗೆ ಬಲಿಯಾದರು. ಅದೇ ಡಿಸೆಂಬರ್‌ನಲ್ಲಿ ಸಕಲೇಶಪುರ ತಾಲ್ಲೂಕಿನ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತ.

ಹಂದಿ ಜ್ವರದ ಭಯ ಇನ್ನೂ ಇದೆಯೇ?

ಇದೆ. ಆಫ್ರಿಕನ್ ಹಂದಿ ಜ್ವರ ಭಾರತಕ್ಕೆ ಬಂದದ್ದು 2020ರಲ್ಲಿ, ಈಶಾನ್ಯ ರಾಜ್ಯಗಳಿಗೆ. 2022ರಲ್ಲಿ ಪಕ್ಕದ ವಯನಾಡಿನಲ್ಲಿ ಕಾಣಿಸಿಕೊಂಡಿತು, ಕೊಡಗನ್ನೂ ಬಿಡಲಿಲ್ಲ. ಜ್ವರ 41 ಡಿಗ್ರಿ ದಾಟುತ್ತದೆ, ಕಿವಿ ಮತ್ತು ಹೊಟ್ಟೆಯ ಚರ್ಮ ಕೆಂಪು ನೀಲಿಯಾಗುತ್ತದೆ, ಗೂಡಿನಲ್ಲಿ ಒಂದರ ಹಿಂದೆ ಒಂದು ಸಾಯುತ್ತವೆ. ಮನುಷ್ಯರಿಗೆ ಹರಡುವುದಿಲ್ಲ. ಭಾರತದಲ್ಲಿ ಬಳಕೆಗೆ ಲಸಿಕೆ ಇಲ್ಲ. ಮಾರುಕಟ್ಟೆಯಲ್ಲಿ ಸಿಗುವುದು ಹಳೆಯ ಹಂದಿ ಜ್ವರದ ಲಸಿಕೆ. ಅದು ಬೇರೆ ವೈರಸ್, ಹಾಕಿಸಲೇಬೇಕು, ಆದರೆ ಇದಕ್ಕೆ ರಕ್ಷಣೆ ಕೊಡದು. ಲಕ್ಷಣ ನೋಡಿ ಎರಡನ್ನೂ ಬೇರ್ಪಡಿಸಲಾಗದು. ರಕ್ತ ಮತ್ತು ಗುಲ್ಮದ ಮಾದರಿ ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಹೋಗಬೇಕು, ಅಂತಿಮ ದೃಢೀಕರಣ ಭೋಪಾಲದ ಹೈ ಸೆಕ್ಯೂರಿಟಿ ಲ್ಯಾಬಿನದು. ಖಚಿತವಾದರೆ ಒಂದು ಕಿ.ಮೀ. ಸುತ್ತಲಿನ ಹಂದಿಗಳನ್ನೆಲ್ಲ ಕೊಂದು ಹೂಳುತ್ತಾರೆ, 10 ಕಿ.ಮೀ. ವರೆಗೆ ನಿಗಾ.

ರೋಗ ಬರುವ ದಾರಿಗಳು ಇಲ್ಲಿ ಗೊತ್ತಿರುವಂಥವೇ: ಹೋಂಸ್ಟೇ ಮತ್ತು ಹೋಟೆಲಿನ ಮುಸುರೆ, ಗೂಡಿನಿಂದ ಗೂಡಿಗೆ ತಿರುಗುವ ವ್ಯಾಪಾರಿಯ ಜೀಪು, ಕಾಡುಹಂದಿ. ಪಂದಿಕರಿಗೆ ತೊಳೆದ ಹಸಿ ಮಾಂಸದ ನೀರೇ ಸಾಕು. ಮುಸುರೆ ಬಿಟ್ಟರೆ ಒಳ್ಳೆಯದು. ಬಿಡಲಾಗದಿದ್ದರೆ ಕಲಕುತ್ತ ಕನಿಷ್ಠ ಅರ್ಧ ಗಂಟೆ ಕೊತಕೊತ ಕುದಿಸಿ. ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿಗೆ ಲೀಟರಿಗೆ 20 ಗ್ರಾಂ ಕಾಸ್ಟಿಕ್ ಸೋಡಾ, ಗ್ಲೌಸ್ ಹಾಕಿಕೊಂಡು. ಮೊದಲು ಬೂಟಿನ ಕೆಸರು ತೊಳೆಯಿರಿ, ಸಗಣಿ ಮೆತ್ತಿದ ಬೂಟಿಗೆ ಯಾವ ದ್ರಾವಣವೂ ನಾಟುವುದಿಲ್ಲ. ಕೈಲ್‌ ಪೊಳ್ದ್‌ಗೆ ಬೆಲೆ ಏರುವಾಗ ಹೊರಗಿನಿಂದ ತಂದ ಮರಿಗಳನ್ನು ನೇರ ಗೂಡಿಗೆ ಬಿಡದೆ ಮೂರು ವಾರ ಬೇರೆ ಇಡಿ.

ವೈದ್ಯರಿಗೆ ಇದರಲ್ಲಿರುವ ತೊಡಕು ಬೇರೆ. ಸತ್ತ ಹಂದಿ ನೋಡಲು ಹೋದ ವೈದ್ಯರೇ ಮುಂದಿನ ಗೂಡಿಗೆ ರೋಗ ಒಯ್ಯಬಹುದು. ಅಂದು ಬೇರೆ ಹಂದಿ ಗೂಡಿಗೆ ಹೋಗಬಾರದು. ಹಂದಿಗಳನ್ನೆಲ್ಲ ಕೊಲ್ಲಿಸುತ್ತಾರೆಂಬ ಭಯಕ್ಕೆ ರೈತರು ಸುದ್ದಿ ಮುಚ್ಚಿಟ್ಟು, ಉಳಿದವನ್ನು ಕಡಿದು ಮಾರಿಬಿಡುತ್ತಾರೆ. ರೋಗ ಊರು ದಾಟುವುದು ಹೀಗೆಯೇ.

ಔಷಧಗಳ ವಿಷಯದಲ್ಲಿ ಏನು ಬದಲಾಗಿದೆ?

ಹಳೆಯ ಕೈಚೀಲ ಒಮ್ಮೆ ಸುರಿದು ನೋಡಿ. ನೋವಿನ ಔಷಧಗಳಲ್ಲಿ ಡೈಕ್ಲೊಫೆನಾಕ್ 2006ರಲ್ಲೇ ಜಾನುವಾರುಗಳಿಗೆ ನಿಷೇಧವಾಯಿತು, ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್ 2023ರಲ್ಲಿ, ಆಮೇಲೆ ನಿಮೆಸುಲೈಡ್. ಕಾರಣ ರಣಹದ್ದು: ಔಷಧ ಪಡೆದು ಸತ್ತ ದನ ತಿಂದರೆ ಅವುಗಳ ಮೂತ್ರಪಿಂಡ ಕೆಡುತ್ತದೆ. ನಾಗರಹೊಳೆ ಅಂಚಿನವರಿಗೆ ಇದು ದೂರದ ಮಾತಲ್ಲ. ನೋವಿಗೆ ಮೆಲಾಕ್ಸಿಕಾಮ್ ಅಥವಾ ಟಾಲ್ಫೆನಾಮಿಕ್ ಆಮ್ಲ ಬಳಸಿ. ಆ್ಯಂಟಿಬಯಾಟಿಕ್‌ಗಳಲ್ಲಿ, ಹಾಲು, ಮೊಟ್ಟೆ, ಮಾಂಸ ಕೊಡುವ ಪ್ರಾಣಿಗಳಿಗೆ ಕೊಲಿಸ್ಟಿನ್ 2019ರಿಂದ, ಕ್ಲೋರಾಂಫೆನಿಕಾಲ್ ಮತ್ತು ನೈಟ್ರೊಫ್ಯುರಾನ್‌ಗಳು 2025ರಿಂದ ಇಲ್ಲ.

ಔಷಧದ ನಂತರ ಹಾಲು ಮಾರದೆ ಕಾಯಬೇಕಾದ ದಿನ ಲೇಬಲ್ ಮೇಲೆ ಇರುತ್ತದೆ. ಇಲ್ಲದಿದ್ದರೆ ಹಾಲು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಚೀಟಿಯಲ್ಲಿ ಔಷಧದ ಪಕ್ಕದಲ್ಲೇ ಆ ತಾರೀಖು ಬರೆಯುವ ಅಭ್ಯಾಸ ಇಂಟರ್ನ್‌ಶಿಪ್‌ನಲ್ಲೇ ಬರಲಿ.

ಮಡಿಕೇರಿ ಅಥವಾ ಗೋಣಿಕೊಪ್ಪದಲ್ಲಿ ಸ್ವಂತ ಕ್ಲಿನಿಕ್ ನಡೆಯುತ್ತದೆಯೇ?

ನಾಯಿಗಳನ್ನು ಮಾತ್ರ ನಂಬಿದರೆ ಮೊದಲ ಎರಡು ವರ್ಷ ಬಿಗಿ. ಎಸ್ಟೇಟುಗಳಿಗೆ ತಿಂಗಳಿಗೊಮ್ಮೆ ಭೇಟಿ ಕೊಡುವ ಒಪ್ಪಂದ ಸೇರಿಸಿಕೊಂಡರೆ ಉಸಿರಾಡಬಹುದು. ಮೊದಲು ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನ ನೋಂದಣಿ, ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಸ್ಥಳೀಯ ಸಂಸ್ಥೆಯ ಪರವಾನಗಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಪಶು ಆಸ್ಪತ್ರೆಗೂ ಅನ್ವಯಿಸುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಎಕ್ಸ್‌ರೇ ಇಟ್ಟರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ. ಅರಿವಳಿಕೆಯ ಕೆಟಮಿನ್ ಬಿಗಿ ನಿಯಂತ್ರಣದ ಷೆಡ್ಯೂಲ್ ಎಕ್ಸ್ ಔಷಧ. ಬೀಗ ಹಾಕಿದ ಕಪಾಟು, ಮಿ.ಲೀ. ಲೆಕ್ಕದ ಪುಸ್ತಕ ಇರಲೇಬೇಕು. ನಿಮ್ಮ ರೋಗಿಗೆ ನೀವು ಔಷಧ ಕೊಡಬಹುದು, ಆದರೆ ಅಂಗಡಿ ತೆರೆದು ಮಾರಲು ಬೇರೆ ಲೈಸೆನ್ಸ್.

ಉಪಕರಣದಲ್ಲಿ ಮೊದಲ ಹಣ ಸೂಕ್ಷ್ಮದರ್ಶಕಕ್ಕೆ ಹಾಕಿ, ಅಲ್ಟ್ರಾಸೌಂಡ್ ಆಮೇಲೆ. ಕೊಡಗಿನ ಜ್ವರದ ನಾಯಿಯಲ್ಲಿ ರಕ್ತ ಲೇಪನ ನೋಡದೆ ಉಣ್ಣೆ ಜ್ವರದ ಚಿಕಿತ್ಸೆ ಶುರು ಮಾಡಿದರೆ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾಗೆ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತದೆ, ಬಬೇಸಿಯಾ ಗಿಬ್ಸೊನಿ ಎಂಬ ರಕ್ತದ ಪರೋಪಜೀವಿ ಇದ್ದರೆ ಅದೊಂದೇ ಸಾಲದು. ಎರಡೂ ಒಟ್ಟಿಗೆ ಇರುವ ನಾಯಿಗಳೂ ಬರುತ್ತವೆ.

ಈ ಕೆಲಸದಲ್ಲಿ ವೈದ್ಯರ ಆರೋಗ್ಯಕ್ಕೆ ಅಪಾಯ ಯಾವುದು?

ಒದೆತ, ಕೊಂಬು ಎಲ್ಲರಿಗೂ ಗೊತ್ತು. ಗೊತ್ತಾಗದೆ ಬರುವವು ರೇಬಿಸ್ ಮತ್ತು ಬ್ರುಸೆಲ್ಲಾ (ದನ ಕಂದು ಹಾಕುವಂತೆ ಮಾಡಿ, ಮನುಷ್ಯರಿಗೂ ಅಂಟುವ ರೋಗ). ಹುಚ್ಚು ಹಿಡಿದ ದನ ಜೊಲ್ಲು ಸುರಿಸುತ್ತ, ನುಂಗಲಾಗದೆ ನಿಲ್ಲುತ್ತದೆ. ಮನೆಯವರು 'ಗಂಟಲಲ್ಲಿ ಏನೋ ಸಿಕ್ಕಿದೆ, ಕೈ ಹಾಕಿ ನೋಡಿ ಸಾರ್' ಎನ್ನುತ್ತಾರೆ. ಬರಿಗೈ ಹಾಕಬೇಡಿ. ಕಾಲೇಜಿನಲ್ಲೇ ಮುನ್ನೆಚ್ಚರಿಕೆ ಲಸಿಕೆ ಪಡೆಯಿರಿ: 0, 7 ಮತ್ತು 21 ಅಥವಾ 28ನೇ ದಿನ. ಆಮೇಲೆ ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, 0 ಮತ್ತು 3ನೇ ದಿನ ಎರಡೇ ಡೋಸ್, ಇಮ್ಯುನೊಗ್ಲೋಬ್ಯುಲಿನ್ ಬೇಡ.

ಕಂದು ಹಾಕಿದ ಹಸುವಿನ ಕಸ (ಮಾಸು) ತೆಗೆಯುವಾಗ ಭುಜದವರೆಗಿನ ಗ್ಲೌಸ್ ಬೇಕು. ಬ್ರುಸೆಲ್ಲಾ ಲಸಿಕೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಮಾತ್ರ, ಜೀವನದಲ್ಲಿ ಒಮ್ಮೆ. ಅದು ಜೀವಂತ ಲಸಿಕೆ. ಸೂಜಿ ನಿಮ್ಮ ಕೈಗೆ ಚುಚ್ಚಿದರೆ ಅಂದೇ ವೈದ್ಯರನ್ನು ಕಾಣಿ. ಏರಿಳಿಯುವ ಜ್ವರ, ಸೊಂಟ ನೋವು ವಾರಗಟ್ಟಲೆ ಇದ್ದರೆ ನಿಮ್ಮ ವೃತ್ತಿ ಯಾವುದೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಟೈಫಾಯಿಡ್ ಚಿಕಿತ್ಸೆಯಲ್ಲೇ ತಿಂಗಳು ಕಳೆಯುತ್ತದೆ.

ಬೀದಿನಾಯಿ ಶಸ್ತ್ರಚಿಕಿತ್ಸೆ ಕೆಲಸಕ್ಕೆ ಬೇಡಿಕೆ ಇದೆಯೇ?

ಹೆಚ್ಚಾಗಿದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮ ಮತ್ತು 2025ರ ಸುಪ್ರೀಂ ಕೋರ್ಟ್ ಆದೇಶಗಳ ನಂತರ ಸ್ಥಳೀಯ ಸಂಸ್ಥೆಗಳಿಗೆ ಕೈಪಳಗಿದ ಶಸ್ತ್ರಚಿಕಿತ್ಸಕರು ಬೇಕಾಗಿದ್ದಾರೆ. ಯೋಜನೆ ನಡೆಸುವ ಸಂಸ್ಥೆಗೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇದೆಯೇ ನೋಡಿ ಸೇರಿ. ತಲೆಗೆ ಇಷ್ಟು ಎಂದು ಕೂಲಿ ಕೊಡುವ ಕಡೆ ದಿನಕ್ಕೆ ಎಷ್ಟು ಮಾಡಬೇಕೆಂಬ ಒತ್ತಡ ಬರುತ್ತದೆ. ಹೊಲಿಗೆ ಬಿಚ್ಚಿಕೊಳ್ಳುವುದು, ಒಳಗೆ ರಕ್ತ ಸೋರುವುದು ಅಂಥ ಕಡೆಯೇ. ಹೆಸರು ಕೆಡುವುದು ವೈದ್ಯರದು, ಗುತ್ತಿಗೆದಾರನದಲ್ಲ.

ಸೇನೆಗೆ ಸೇರಬಹುದೇ?

ಕೊಡಗಿನಲ್ಲಿ ಈ ಪ್ರಶ್ನೆ ಬರದೆ ಇರುವುದಿಲ್ಲ. ಸೇನೆಯ ಪಶುವೈದ್ಯ ದಳವಾದ ರಿಮೌಂಟ್ ವೆಟರಿನರಿ ಕೋರ್‌ಗೆ ಬಿ.ವಿ.ಎಸ್ಸಿ ಪದವೀಧರರನ್ನು ಶಾರ್ಟ್ ಸರ್ವಿಸ್ ಕಮಿಷನ್ ಮೇಲೆ ಕ್ಯಾಪ್ಟನ್ ದರ್ಜೆಯಲ್ಲೇ ತೆಗೆದುಕೊಳ್ಳುತ್ತಾರೆ. ವಯಸ್ಸು 21ರಿಂದ 32. ಎಸ್‌ಎಸ್‌ಬಿ ಸಂದರ್ಶನ ಮತ್ತು ವೈದ್ಯಕೀಯ ಪರೀಕ್ಷೆ ಇರುತ್ತದೆ, ಈಗ ಮಹಿಳೆಯರನ್ನೂ ಕರೆಯುತ್ತಿದ್ದಾರೆ. ಕೋರ್ ಕೇಂದ್ರ ಮೀರತ್‌ನಲ್ಲಿದೆ. ಕೆಲಸ ಕುದುರೆ, ಹೇಸರಗತ್ತೆ, ಸೇನಾ ನಾಯಿಗಳದು. ಹುದ್ದೆ ಕಡಿಮೆ ಇರುವುದರಿಂದ ಇಂಟರ್ನ್‌ಶಿಪ್ ಮುಗಿಯುವಾಗಲೇ ನೋಂದಣಿ ಪತ್ರ ಕೈಯಲ್ಲಿರಲಿ.

ಹೆಣ್ಣುಮಕ್ಕಳಿಗೆ ದೊಡ್ಡ ಪ್ರಾಣಿಗಳ ಕೆಲಸ ಆಗುತ್ತದೆಯೇ?

ಆಗುತ್ತದೆ. ಕರು ತಿರುಗಿಸಲು ಬೇಕಿರುವುದು ತೋಳಿನ ಬಲಕ್ಕಿಂತ ಉದ್ದ, ಸಣ್ಣ ಕೈ ಮತ್ತು ತಾಳ್ಮೆ. ತೊಂದರೆ ಇರುವುದು ಶೌಚಾಲಯವಿಲ್ಲದ ಚಿಕಿತ್ಸಾ ಕೇಂದ್ರಗಳಲ್ಲಿ, ಒಬ್ಬರೇ ಹೋಗಬೇಕಾದ ರಾತ್ರಿ ಕರೆಗಳಲ್ಲಿ.

ಚಿಕಿತ್ಸೆ ಬೇಡ ಎನಿಸಿದರೆ?

ಬ್ಯಾಂಕುಗಳ ಕೃಷಿ ಅಧಿಕಾರಿ, ಆಹಾರ ಸುರಕ್ಷತಾ ಅಧಿಕಾರಿ, ಕೋಳಿ ಮತ್ತು ಔಷಧ ಕಂಪನಿ, ವಿಮೆ ಎಲ್ಲಕ್ಕೂ ಈ ಪದವಿ ನಡೆಯುತ್ತದೆ. ಸಂಶೋಧನೆಗೆ ಪಶುರೋಗ ಹರಡುವಿಕೆಯನ್ನು ಅಧ್ಯಯನ ಮಾಡುವ ಯಲಹಂಕದ ನಿವೇದಿ ಸಂಸ್ಥೆ, ಆಡುಗೋಡಿಯ ಪ್ರಾಣಿ ಪೋಷಣಾ ಸಂಸ್ಥೆ ಬೆಂಗಳೂರಿನಲ್ಲೇ ಇವೆ. ಅದಕ್ಕೆ ಎಂ.ವಿ.ಎಸ್ಸಿ ಬೇಕು, ಎರಡು ವರ್ಷ.

ವಿದೇಶಕ್ಕೆ ಹೋಗಬಹುದೇ?

ಭಾರತದ ಪದವಿ ನೇರವಾಗಿ ನಡೆಯುವುದಿಲ್ಲ. ಅಮೆರಿಕಕ್ಕೆ ಇಸಿಎಫ್‌ವಿಜಿ ಅಥವಾ ಪೇವ್ ಎಂಬ, ವಿದೇಶಿ ಪದವಿಯನ್ನು ಪರಿಶೀಲಿಸುವ ದಾರಿಯಲ್ಲಿ ಹೋಗಿ ನೇವ್ಲಿ ಎಂಬ ಲೈಸೆನ್ಸ್ ಪರೀಕ್ಷೆ ಬರೆಯಬೇಕು, ಬ್ರಿಟನ್ನಿಗೆ ಪಶುವೈದ್ಯರ ರಾಯಲ್ ಕಾಲೇಜಿನ ಸದಸ್ಯತ್ವ ಪರೀಕ್ಷೆ. ಎರಡಕ್ಕೂ ವರ್ಷಗಳು ಮತ್ತು ಲಕ್ಷಗಳು ಬೇಕು. ಇಂಗ್ಲಿಷ್ ಭಾಷಾ ಪರೀಕ್ಷೆಯ ಅಂಕಕ್ಕೆ ಅವಧಿ ಇರುವುದರಿಂದ ಅದನ್ನು ಮೊದಲೇ ಬರೆದಿಟ್ಟುಕೊಂಡರೆ ಮತ್ತೊಮ್ಮೆ ಬರೆಯಬೇಕಾಗಬಹುದು.